ಚಿತ್ರ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಆಸ್ಟ್ರೇಲಿಯಾಕ್ಕೆ ಹೋಗಿಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ. ಕೆಲವು ತಿಂಗಳು ಇದ್ದು ಹಿಂದಿರುಗುವ ಹಿರಿಯರು ನೆನಪಿಗೆಂದು ಒಂದು ಬೂಮರಾಂಗ್, ಚುಕ್ಕಿ ಚಿತ್ತಾರದ ಒಂದು ಸಣ್ಣ ಕ್ಯಾನ್ವಾಸ್ ತರುತ್ತಾರೆ. ಪತ್ರಿಕೆಗಳ ಪ್ರವಾಸ ಪುಟಗಳು ಅದನ್ನೆಲ್ಲ ‘ಅಲ್ಲಿನ ಆದಿವಾಸಿ ಕಲೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಹಾಗೆ ತಂದ ವಸ್ತುವನ್ನು ಮೂಲನಿವಾಸಿ ಕಲಾವಿದರು ಕೈಯಿಂದ ಮುಟ್ಟಿಯೇ ಇರಲಿಕ್ಕಿಲ್ಲ ಎಂಬ ಮಾತು ಯಾರ ಬರಹದಲ್ಲೂ ಬರುವುದಿಲ್ಲ. ಅದಕ್ಕಾಗಿ ಈ ಪತ್ರ. ಉದ್ದವಾಗಿದ್ದರೆ ಮನ್ನಿಸಿ.

ಆಸ್ಟ್ರೇಲಿಯಾ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್ ಎಂಬ ಸಲಹಾ ಆಯೋಗ 2022ರಲ್ಲಿ ಈ ಕ್ಷೇತ್ರದ ಬಗ್ಗೆ ದೊಡ್ಡ ವರದಿ ಕೊಟ್ಟಿತು. 2019–20ರಲ್ಲಿ ಮೂಲನಿವಾಸಿ ಮತ್ತು ಟೊರೆಸ್ ಜಲಸಂಧಿ ದ್ವೀಪವಾಸಿ ಕಲೆ-ಕರಕುಶಲದ ಮಾರಾಟ ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅದರ ಅಂದಾಜು. ಅದೇ ವರದಿಯ ಪ್ರಕಾರ, ಸ್ಮರಣಿಕೆಗಳ ಮೇಲೆ ಜನ ಸುರಿಯುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಮೂಲನಿವಾಸಿಗಳು ಮಾಡದ, ಅವರ ಪರವಾನಗಿಯೂ ಇಲ್ಲದ ನಕಲಿ ಸರಕಿಗೆ. ಬಿರುಬಿ ಆರ್ಟ್ ಎಂಬ ಕಂಪನಿ ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್ ಮತ್ತು ಡಿಜೆರಿಡೂ ಎಂಬ ಉದ್ದನೆಯ ಊದುವ ವಾದ್ಯಗಳನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳು ಕೈಯಾರೆ ಬಣ್ಣ ಹಾಕಿದವು ಎಂದು ತೋರುವಂತೆ ಮಾರಿತ್ತು. 2015ರಿಂದ 2017ರ ಅವಧಿಯಲ್ಲಿ 18,000ಕ್ಕೂ ಹೆಚ್ಚು ವಸ್ತುಗಳು ಅಂಗಡಿಗಳಿಗೆ ಹೋಗಿದ್ದವು. 2019ರಲ್ಲಿ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತು. ಆದರೆ ಗಮನಿಸಿ: ಅಲ್ಲಿನ ಗ್ರಾಹಕ ಕಾನೂನು ಹಿಡಿಯುವುದು ಸುಳ್ಳು ಹೇಳಿ ಮಾರಿದವರನ್ನು ಮಾತ್ರ. ಅದೇ ಬೂಮರಾಂಗ್ ಮೇಲೆ ‘ಇಂಡೊನೇಷ್ಯಾದಲ್ಲಿ ತಯಾರಾದದ್ದು’ ಎಂದು ಸಣ್ಣಕ್ಷರದಲ್ಲಿ ಬರೆದು ಮಾರಿದರೆ ಆ ಕಾನೂನು ಕೈ ಚೆಲ್ಲುತ್ತದೆ. ಆದ್ದರಿಂದ ಕೊಳ್ಳುವವರು ತಾವೇ ನೋಡಿಕೊಳ್ಳಬೇಕು. ನೋಡಿಕೊಳ್ಳಲು ಗೊತ್ತಿರಬೇಕಾದದ್ದು ಕಲಾ ಕೇಂದ್ರಗಳ ಕೆಲಸ.

ಕಲಾ ಕೇಂದ್ರವೆಂದರೆ ಮೂಲನಿವಾಸಿ ಕಲಾವಿದರು ತಮ್ಮ ಊರಿನಲ್ಲೇ ಚಿತ್ರ ಬರೆದು ಮಾರಲು ಕಟ್ಟಿಕೊಂಡ ಸಂಸ್ಥೆ. ಅದು ಗ್ಯಾಲರಿಯೂ ಅಲ್ಲ, ಸರ್ಕಾರದ ಎಂಪೋರಿಯಂ ಕೂಡ ಅಲ್ಲ. ನಮ್ಮ ಓದುಗರಿಗೆ ಹತ್ತಿರದ ಹೋಲಿಕೆ ಬೇಕೆಂದರೆ ಹಾಲಿನ ಸೊಸೈಟಿ: ಸರಕು ತರುವವರೇ ಅದರ ಸದಸ್ಯರು, ಸದಸ್ಯರೇ ಅದರ ಒಡೆಯರು. ಹೆಚ್ಚಿನ ಕೇಂದ್ರಗಳು 2006ರ ಮೂಲನಿವಾಸಿ ನಿಗಮಗಳ ಕಾಯ್ದೆಯಡಿ ನೋಂದಾಯಿತವಾಗಿವೆ. ಆ ಕಾಯ್ದೆಗೆ ಪ್ರತ್ಯೇಕ ರಿಜಿಸ್ಟ್ರಾರ್ ಇದ್ದಾರೆ. ಪ್ರತಿ ನಿಗಮಕ್ಕೂ ತನ್ನದೇ ನಿಯಮ ಪುಸ್ತಕ, ವಾರ್ಷಿಕ ಸಭೆ, ಸದಸ್ಯರು ಆರಿಸಿದ ನಿರ್ದೇಶಕ ಮಂಡಳಿ. ವ್ಯವಸ್ಥಾಪಕರು ಬಹುಪಾಲು ನಗರಗಳಿಂದ ಬಂದ ಸಂಬಳದ ನೌಕರರು. ಅವರನ್ನು ನೇಮಿಸುವುದೂ ಮನೆಗೆ ಕಳಿಸುವುದೂ ಕಲಾವಿದರ ಮಂಡಳಿಯ ಕೈಯಲ್ಲಿದೆ. ಪ್ರವಾಸ ಲೇಖನಗಳಲ್ಲಿ ಈ ಸಂಬಂಧ ತಲೆಕೆಳಗಾಗಿ, ಬಿಳಿಯ ವ್ಯವಸ್ಥಾಪಕರು ‘ಬಡ ಆದಿವಾಸಿಗಳನ್ನು ಉದ್ಧರಿಸುತ್ತಿರುವ’ ಕಥೆಯಾಗುತ್ತದೆ.

ಇವುಗಳಲ್ಲಿ ಅತಿ ಹಳೆಯದು ದಕ್ಷಿಣ ಆಸ್ಟ್ರೇಲಿಯಾದ ಪುಕಟ್ಜಾದಲ್ಲಿರುವ ಅರ್ನಾಬೆಲ್ಲಾ ಆರ್ಟ್ಸ್. 1948ರಲ್ಲಿ ಉಣ್ಣೆ ನೂಲುವ, ನೇಯುವ ಕೋಣೆಯಾಗಿ ಶುರುವಾಗಿ, ಎಪ್ಪತ್ತರ ದಶಕದಲ್ಲಿ ಬಾಟಿಕ್‌ಗೆ ಹೆಸರಾಗಿ, ಈಗ ಸೆರಾಮಿಕ್ಸ್‌ನಲ್ಲೂ ಮುಂದಿದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಸುಮಾರು 240 ಕಿ.ಮೀ. ದೂರದ ಪಪುನ್ಯಾ ಎಂಬ ವಸತಿಯಲ್ಲಿ 1971ರಲ್ಲಿ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಚಿತ್ರ ಬರೆದರು. ಮರುವರ್ಷವೇ ಪಪುನ್ಯಾ ಟುಲಾ ಕಲಾವಿದರ ಕಂಪನಿ ಹುಟ್ಟಿತು. ಉತ್ತರ ತುದಿಯ ಅರ್ನ್‌ಹೆಮ್ ಲ್ಯಾಂಡ್‌ನ ಯಿರ್‌ಕಲಾದಲ್ಲಿ ಬುಕು-ಲಾರ್ಂಗಾಯ್ ಮುಲ್ಕಾ ಕೇಂದ್ರ 1976ರದು, ಮರುಭೂಮಿಯ ಯುಯೆಂಡುಮುವಿನ ವಾರ್ಲುಕುರ್ಲಾಂಗು 1985ರದು. ಮರುಭೂಮಿ ಭಾಗದ ಕೇಂದ್ರಗಳಿಗೆ ಡೆಸಾರ್ಟ್, ಉತ್ತರದವಕ್ಕೆ ಅಂಕಾ ಎಂಬ ಒಕ್ಕೂಟಗಳಿವೆ. ಕೇಂದ್ರವೊಂದು ನಿಜವೋ ಸುಳ್ಳೋ ಎಂಬ ಅನುಮಾನ ಬಂದರೆ ಮೊದಲು ನೋಡಬೇಕಾದದ್ದು ಈ ಒಕ್ಕೂಟಗಳ ಸದಸ್ಯರ ಪಟ್ಟಿ.

ಒಂದು ಚಿತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಈಗ ನೋಡೋಣ. ಮರುಭೂಮಿಯ ಕೇಂದ್ರಗಳಲ್ಲಿ ಲಿನನ್ ಅಥವಾ ಹತ್ತಿಯ ಕ್ಯಾನ್ವಾಸ್ ಸುರುಳಿಯಲ್ಲಿ ಬರುತ್ತದೆ. ಸಿಬ್ಬಂದಿ ಅದನ್ನು ಅಳತೆಗೆ ಕತ್ತರಿಸಿ, ಪ್ರೈಮರ್ ಬಳಿದು, ಅದರ ಮೇಲೆ ಕಲಾವಿದರು ಕೇಳಿದ ತಳಬಣ್ಣ ಹಚ್ಚುತ್ತಾರೆ. ಕಪ್ಪು ಮತ್ತು ಕೆಮ್ಮಣ್ಣಿನ ಬಣ್ಣಕ್ಕೆ ಬೇಡಿಕೆ ಹೆಚ್ಚು. ನಾಲ್ಕೂ ಅಂಚಿನಲ್ಲಿ ಸುಮಾರು ಐದು ಸೆಂಟಿಮೀಟರ್ ಬಿಡಬೇಕು. ಮುಂದೆ ಚೌಕಟ್ಟಿಗೆ ಎಳೆದು ಕಟ್ಟುವಾಗ ಅಷ್ಟು ಬಟ್ಟೆ ಬೇಕಾಗುತ್ತದೆ. ಬಿಡದಿದ್ದರೆ ಚಿತ್ರದ ಅಂಚಿನ ಸಾಲು ಚೌಕಟ್ಟಿನ ಬದಿಗೆ ಮಡಚಿ ಹೋಗುತ್ತದೆ. ಅಕ್ರಿಲಿಕ್ ಬಣ್ಣವನ್ನು ದೊಡ್ಡ ಡಬ್ಬಿಯಿಂದ ಪುಟ್ಟ ಬಟ್ಟಲುಗಳಿಗೆ ಸುರಿದು ನೀರಿನಿಂದ ಹದ ಮಾಡುತ್ತಾರೆ. ಈ ಹದವೇ ಮುಖ್ಯ. ನೀರು ಹೆಚ್ಚಾದರೆ ಚುಕ್ಕಿ ಹರಡಿ ಪಕ್ಕದ್ದಕ್ಕೆ ತಾಗುತ್ತದೆ, ಒಣಗಿದ ಮೇಲೆ ಮಧ್ಯ ಪೊಳ್ಳಾಗಿ ತಳಬಣ್ಣ ಇಣುಕುತ್ತದೆ. ಗಟ್ಟಿಯಾದರೆ ಕಡ್ಡಿ ಎತ್ತುವಾಗ ಬಾಲ ಬರುತ್ತದೆ. ಚುಕ್ಕಿ ಇಡುವುದು ಹೆಚ್ಚಾಗಿ ಕುಂಚದ ಕೂದಲಿನಿಂದಲ್ಲ, ಬಿದಿರಿನ ಕಡ್ಡಿಯ ಅಥವಾ ಕುಂಚದ ಹಿಡಿಯ ತುದಿಯಿಂದ. ಒಂದು ಕಡ್ಡಿ ಸವೆದು ಮೊಂಡಾದರೆ ಚುಕ್ಕಿಯ ಗಾತ್ರ ಬದಲಾಗುತ್ತದೆ, ಆದ್ದರಿಂದ ಒಂದೇ ಅಳತೆಯ ಕಡ್ಡಿಗಳ ಕಟ್ಟೇ ಪಕ್ಕದಲ್ಲಿರುತ್ತದೆ.

ಬಹಳಷ್ಟು ಮಂದಿ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ ಸುತ್ತಲೂ ಕುಳಿತು ಬರೆಯುತ್ತಾರೆ. ಹೀಗಾಗಿ ಎಷ್ಟೋ ಚಿತ್ರಗಳಿಗೆ ಮೇಲು-ಕೆಳಗು ಎಂಬುದೇ ಇರುವುದಿಲ್ಲ, ಅವು ಆಕಾಶದಿಂದ ನೋಡಿದ ನೆಲ. ನೆಲದ ಮೇಲೆ ಹಾಸಿದ್ದಕ್ಕೆ ಕೆಂಪು ಮರಳು, ನಾಯಿಯ ಕೂದಲು ಬಣ್ಣದಲ್ಲಿ ಅಂಟುವುದು ದಿನನಿತ್ಯದ ಗೋಳು. ಅಲ್ಲಲ್ಲಿ ಒಂದು ಕೂದಲು ಸಿಕ್ಕರೆ ಅದನ್ನು ದೋಷವೆಂದು ವಾಪಸು ಕಳಿಸುವ ಗಿರಾಕಿಗಳಿದ್ದಾರಂತೆ. ನಮ್ಮ ಮಟ್ಟಿಗೆ ಅದು ಚಿತ್ರ ಎಲ್ಲಿ ಹುಟ್ಟಿತೆಂಬುದರ ಸಾಕ್ಷಿ.

ಬಣ್ಣ ಒಣಗಿದ ಮೇಲೆ ನಡೆಯುವ ಕೆಲಸವನ್ನು ಹೊರಗಿನವರು ಗುಮಾಸ್ತಿಕೆ ಎಂದು ಕಡೆಗಣಿಸುತ್ತಾರೆ. ಕೇಂದ್ರದ ಜೀವಾಳವೇ ಅದು. ಚಿತ್ರದ ಬೆನ್ನಿಗೆ ಕಲಾವಿದರ ಹೆಸರು, ಕೇಂದ್ರದ ಹೆಸರು, ಕ್ಯಾಟಲಾಗ್ ಸಂಖ್ಯೆ, ಅಳತೆ ಬರೆಯುತ್ತಾರೆ. ಸಂಖ್ಯೆಯಲ್ಲಿ ಸಾಮಾನ್ಯವಾಗಿ ಕ್ರಮಾಂಕದ ಜೊತೆಗೆ ವರ್ಷವೂ ಇರುತ್ತದೆ. ಫೋಟೊ ತೆಗೆಯುತ್ತಾರೆ. ಆಮೇಲೆ ಕಲಾವಿದರ ಪಕ್ಕ ಕುಳಿತು, ಚಿತ್ರ ಯಾವ ಸ್ಥಳದ್ದು, ನೆಲವನ್ನು ರೂಪಿಸಿದವೆಂದು ಅವರು ನಂಬುವ ಪೂರ್ವಿಕ ಜೀವಗಳಲ್ಲಿ ಯಾವುದರ ದಾರಿ, ಅದರಲ್ಲಿ ಹೊರಗಿನವರಿಗೆ ಎಷ್ಟು ಹೇಳಬಹುದು ಎಂಬುದನ್ನು ಅವರ ಭಾಷೆಯಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. ಇಷ್ಟೂ ವಿವರ ಡೇಟಾಬೇಸಿಗೆ ಹೋಗುತ್ತದೆ. ‘ಸ್ಟೋರೀಸ್ ಆರ್ಟ್ ಮನಿ’ ಎಂಬ ತಂತ್ರಾಂಶವನ್ನು ಹಲವಾರು ಕೇಂದ್ರಗಳು ಬಳಸುತ್ತವೆ. ಹೆಸರೇ ಹೇಳುವಂತೆ ಕಥೆ, ಕೃತಿ, ಹಣ ಮೂರೂ ಒಂದೇ ಕಡೆ. ಕೊಳ್ಳುವವರ ಕೈಗೆ ಬರುವ ಪ್ರಮಾಣಪತ್ರ ಅಲ್ಲಿಂದಲೇ ಹೊರಡುತ್ತದೆ. ಅದರ ಮೇಲಿನ ಸಂಖ್ಯೆಗೂ ಚಿತ್ರದ ಬೆನ್ನಿನ ಸಂಖ್ಯೆಗೂ ತಾಳೆಯಾಗಬೇಕು. ಆಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಎಲ್ಲಿ ಎಡವಟ್ಟಾಗುತ್ತದೆಂದರೆ, ಕೇಂದ್ರದಲ್ಲಿ ಇಬ್ಬರೇ ಸಿಬ್ಬಂದಿ ಇದ್ದು ಪ್ರದರ್ಶನದ ಲಾರಿ ಬಾಗಿಲಲ್ಲಿ ನಿಂತಾಗ. ‘ಆಮೇಲೆ ನಮೂದಿಸೋಣ’ ಎಂದು ಬಿಟ್ಟ ಚಿತ್ರ ಯಾವುದೋ ಗ್ಯಾಲರಿಯ ಗೋದಾಮಿನಲ್ಲಿ ಅನಾಥವಾಗಿ ಉಳಿಯುತ್ತದೆ.

ಉತ್ತರದಲ್ಲಿ ಸಾಮಗ್ರಿಯೇ ಬೇರೆ. ಯಿರ್‌ಕಲಾ, ಮಾನಿಂಗ್ರಿಡಾ ಕಡೆ ಸ್ಟ್ರಿಂಗಿಬಾರ್ಕ್ ಎಂಬ ನೀಲಗಿರಿ ಜಾತಿಯ ಮರದ ತೊಗಟೆಯ ಮೇಲೆ ಬರೆಯುತ್ತಾರೆ. ಮಳೆಗಾಲದಲ್ಲಿ ಮತ್ತು ಅದು ಮುಗಿಯುತ್ತಿದ್ದಂತೆ ಮರದೊಳಗೆ ರಸ ಏರಿರುತ್ತದೆ, ಆಗ ಮಾತ್ರ ತೊಗಟೆ ಸಲೀಸಾಗಿ ಬಿಡುತ್ತದೆ. ಮೇಲೊಂದು ಕೆಳಗೊಂದು ಸುತ್ತು ಕಡಿದು, ನಡುವೆ ಉದ್ದಕ್ಕೆ ಸೀಳಿ, ಒಂದೇ ಹಾಳೆಯಾಗಿ ಎಬ್ಬಿಸುತ್ತಾರೆ. ಹೊರಮೈಯ ನಾರು ಕೆರೆದು, ಬೆಂಕಿಗೆ ಕಾಯಿಸಿ, ಬಿಸಿಯಿರುವಾಗಲೇ ನೆಲಕ್ಕೆ ಹಾಕಿ ಕಲ್ಲು, ಮರಳಿನ ಭಾರ ಹೇರಿ ಹಲವು ದಿನ ಬಿಡುತ್ತಾರೆ. ಬೇಸಿಗೆಯಲ್ಲಿ ಆತುರಪಟ್ಟು ಎಬ್ಬಿಸಿದ್ದು ಸೀಳುತ್ತದೆ, ಭಾರ ಬೇಗ ತೆಗೆದದ್ದು ಮತ್ತೆ ಸುರುಳಿಯಾಗುತ್ತದೆ. ಬಣ್ಣ ನಾಲ್ಕೇ: ಕೆಂಪು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲಿನ ಕಪ್ಪು. ಕಲ್ಲಿನ ಮೇಲೆ ತೇಯ್ದ ಬಣ್ಣಕ್ಕೆ ಹಿಂದೆ ಆರ್ಕಿಡ್ ಗಿಡದ ರಸ ಬೆರೆಸುತ್ತಿದ್ದರು, ಈಗ ಬಹುತೇಕ ನೀರಿನಲ್ಲಿ ಕರಗಿಸಿದ ಪಿವಿಎ ಅಂಟು. ಅಂಟು ಕಡಿಮೆಯಾದರೆ ಬಣ್ಣ ಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಮಣ್ಣಿನ ಕಳೆ ಹೋಗಿ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಸೂಕ್ಷ್ಮ ಗೀಟುಗಳನ್ನು ಎಳೆಯಲು ನೇರ ಕೂದಲಿನ ಕೆಲವೇ ಎಳೆ ಕಟ್ಟಿದ ಉದ್ದನೆಯ ಕುಂಚವಿದೆ, ಕೂದಲು ಮನುಷ್ಯರದೇ. ಈ ಗೀಟುಗಳ ಬಲೆಯನ್ನು ಕಂಡವರಿಗೆ ‘ಮೂಲನಿವಾಸಿ ಕಲೆ ಎಂದರೆ ಚುಕ್ಕಿ’ ಎಂಬ ಭ್ರಮೆ ಉಳಿಯುವುದಿಲ್ಲ. ಚುಕ್ಕಿ ಪಶ್ಚಿಮ ಮರುಭೂಮಿಯದು, ಗೀಟಿನ ಬಲೆ ಅರ್ನ್‌ಹೆಮ್ ಲ್ಯಾಂಡಿನದು, ಬಾಯಿಲ್ಲದ ದುಂಡು ಮುಖದ ವಾಂಜಿನಾ ಎಂಬ ಪೂರ್ವಿಕ ಜೀವದ ರೂಪ ವಾಯವ್ಯದ ಕಿಂಬರ್ಲಿ ಪ್ರದೇಶದ ವರೋರಾ, ಙರಿನ್ಯಿನ್, ವುನಂಬಲ್ ಜನರದು. ಮೂರನ್ನೂ ಬೆರೆಸಿದ ಒಂದೇ ಟೀ ಶರ್ಟು ಕಂಡರೆ ಅದು ಎಲ್ಲಿಯದೂ ಅಲ್ಲ.

ಯಿರ್‌ಕಲಾದಲ್ಲಿ ತಮ್ಮ ನೆಲವನ್ನು ಚಿತ್ರಿಸುವವರು ಆ ನೆಲದ ಸಾಮಗ್ರಿಯನ್ನೇ ಬಳಸಬೇಕು ಎಂಬ ಕಟ್ಟುಪಾಡು ಬಹುಕಾಲ ನಡೆದುಬಂದಿತ್ತು. ಈಚಿನ ಕಲಾವಿದರು ಅದನ್ನು ಮುರಿಯದೆಯೇ ಹಿಗ್ಗಿಸಿದರು. ಬಾಕ್ಸೈಟ್ ಗಣಿಯವರು ಎಸೆದ ಕನ್ವೇಯರ್ ಬೆಲ್ಟಿನ ರಬ್ಬರು, ತಗಡು ಕೂಡ ಆ ನೆಲದ ಮೇಲೇ ಬಿದ್ದಿದ್ದಲ್ಲವೇ ಎಂದು ಅದರ ಮೇಲೆ ಕೆತ್ತತೊಡಗಿದರು. ಸಂಪ್ರದಾಯ ಎಂದರೆ ನಿಂತ ನೀರು ಎನ್ನುವವರು ಇದನ್ನು ನೋಡಬೇಕು. ಹೆಣಿಗೆಯವರ ವಿಷಯವೂ ಹಾಗೇ. ಮರುಭೂಮಿಯ ಮಹಿಳೆಯರ ಟ್ಜನ್ಪಿ ಹೆಣಿಗೆ ಸಂಸ್ಥೆ 1995ರಲ್ಲಿ ಹುಲ್ಲಿನ ಬುಟ್ಟಿಗಳಿಂದ ಶುರುವಾಯಿತು. ಹತ್ತು ವರ್ಷ ಕಳೆದು 2005ರಲ್ಲಿ, ಹುಲ್ಲಿನಲ್ಲೇ ಹೆಣೆದ ಪೂರ್ಣ ಗಾತ್ರದ ಒಂದು ಟೊಯೊಟಾ ಗಾಡಿ ದೇಶದ ಅತಿ ದೊಡ್ಡ ಮೂಲನಿವಾಸಿ ಕಲಾ ಪ್ರಶಸ್ತಿಯನ್ನು ಗೆದ್ದಿತು.

ಇನ್ನು ಹಣ. ಕೇಂದ್ರದ ಸ್ವಂತ ಅಂಗಡಿಯಲ್ಲಿ 1,000 ಡಾಲರಿಗೆ ಒಂದು ಚಿತ್ರ ಮಾರಿತು ಎನ್ನಿ. ಸಾಮಾನ್ಯವಾಗಿ ಅದರಲ್ಲಿ 500ರಿಂದ 600 ಕಲಾವಿದರಿಗೆ ಸೇರುತ್ತದೆ. ಉಳಿದದ್ದು ಕ್ಯಾನ್ವಾಸ್, ಬಣ್ಣ, ಸಾಗಣೆ, ಡೀಸೆಲ್, ಸಂಬಳಕ್ಕೆ. ಅದೇ ಚಿತ್ರ ನಗರದ ಗ್ಯಾಲರಿಯಲ್ಲಿ ಅದೇ ಬೆಲೆಗೆ ಹೋದರೆ, ಗ್ಯಾಲರಿ ಶೇ 40ರಷ್ಟು ಇಟ್ಟುಕೊಂಡು 600 ಕಳಿಸುತ್ತದೆ. ಅದು ಕೇಂದ್ರಕ್ಕೂ ಕಲಾವಿದರಿಗೂ ಸಮಪಾಲಾದರೆ ಕಲಾವಿದರಿಗೆ 300. ಕೇಳಿದೊಡನೆ ಅನ್ಯಾಯ ಅನ್ನಿಸುತ್ತದೆ. ಆದರೆ ಗ್ಯಾಲರಿಯ ಪ್ರದರ್ಶನದಿಂದಲೇ ಕಲಾವಿದರ ಹೆಸರು ಬೆಳೆದು ಮುಂದಿನ ಚಿತ್ರದ ಬೆಲೆ ಏರುವುದು. ಎಷ್ಟು ಚಿತ್ರ ಅಂಗಡಿಗೆ, ಎಷ್ಟು ಗ್ಯಾಲರಿಗೆ ಎಂಬ ತೂಗಾಟವನ್ನು ಒಳ್ಳೆಯ ವ್ಯವಸ್ಥಾಪಕರು ಪ್ರತಿ ಕಲಾವಿದರಿಗೂ ಬೇರೆಬೇರೆಯಾಗಿ ಮಾಡುತ್ತಾರೆ. ಕೆಲವು ಕೇಂದ್ರಗಳು ಚಿತ್ರ ಮುಗಿದ ಕೂಡಲೇ ಹಣ ಕೊಡುತ್ತವೆ, ಕೆಲವು ಮಾರಿದ ಮೇಲೆ. ಮೊದಲಿನ ಪದ್ಧತಿ ಕಲಾವಿದರಿಗೆ ನೆಮ್ಮದಿ, ಆದರೆ ಮಾರದೆ ಉಳಿದ ಚಿತ್ರಗಳಲ್ಲಿ ಕೇಂದ್ರದ ಬಂಡವಾಳ ಕೂತುಬಿಡುತ್ತದೆ. ಎರಡನೆಯದರಲ್ಲಿ ಕಲಾವಿದರು ತಿಂಗಳುಗಟ್ಟಲೆ ಕಾಯಬೇಕು, ಕಾಯುವಾಗ ಕೈ ಬರಿದಾಗುತ್ತದೆ. ಬಿಡಿ ದಲ್ಲಾಳಿಗಳು ಕಾಲಿಡುವುದು ಅಲ್ಲೇ.

ಆಲಿಸ್ ಸ್ಪ್ರಿಂಗ್ಸ್ ಸುತ್ತಮುತ್ತ ಇಂಥ ದಲ್ಲಾಳಿಗಳ ದಂಧೆಯನ್ನು 2007ರಲ್ಲಿ ಅಲ್ಲಿನ ಸಂಸತ್ತಿನ ಸೆನೆಟ್ ವಿಚಾರಣೆ ದಾಖಲಿಸಿದೆ. ಡಯಾಲಿಸಿಸ್‌ಗೆಂದೋ ನೆಂಟರ ಮನೆಗೆಂದೋ ಪಟ್ಟಣಕ್ಕೆ ಬಂದ ಹಿರಿಯ ಕಲಾವಿದರನ್ನು ಮೋಟೆಲ್ ಕೋಣೆಯಲ್ಲೋ ಹಿತ್ತಲ ಶೆಡ್ಡಿನಲ್ಲೋ ಕೂರಿಸಿ ಬರೆಸುವುದು, ಬದಲಿಗೆ ಹಳೆಯ ಕಾರನ್ನೋ ಚಿಲ್ಲರೆ ಹಣವನ್ನೋ ಕೈಗಿಡುವುದು. ಕುಂಚ ಹಿಡಿದ ಕಲಾವಿದರ ಫೋಟೊ ತೆಗೆದು ಚಿತ್ರದ ಜೊತೆ ಕೊಡುತ್ತಾರೆ. ಹಾಗಾಗಿ ಫೋಟೊ ಇದೆ ಎಂದ ಮಾತ್ರಕ್ಕೆ ನಂಬಬೇಡಿ. ಯಾರು ಬರೆದರು ಎಂಬುದಕ್ಕೆ ಅದು ಸಾಕ್ಷಿಯಾದೀತು, ಎಷ್ಟು ಕೊಟ್ಟರು ಎಂಬುದಕ್ಕಲ್ಲ. ಆ ವಿಚಾರಣೆಯ ಫಲವಾಗಿ ‘ಇಂಡಿಜಿನಸ್ ಆರ್ಟ್ ಕೋಡ್’ ಎಂಬ ನೀತಿಸಂಹಿತೆ ಬಂತು. ಸಹಿ ಹಾಕಿದ ವ್ಯಾಪಾರಿಗಳು ಕಲಾವಿದರೊಡನೆ ಷರತ್ತುಗಳನ್ನು ಮೊದಲೇ ತಿಳಿಯ ಹೇಳಿ, ಒಪ್ಪಿಗೆ ಪಡೆದು, ಲೆಕ್ಕ ಇಡಬೇಕು. ಅದರ ದೌರ್ಬಲ್ಯವೂ ಬಹಿರಂಗವೇ: ಸಹಿ ಹಾಕುವುದು ಐಚ್ಛಿಕ.

ಗ್ಯಾಲರಿಗೆ ಚಿತ್ರಗಳನ್ನು ಮಾರಾಟವಾದ ಮೇಲೆ ಹಣ ಎಂಬ ಷರತ್ತಿನ ಮೇಲೆ ಒಪ್ಪಿಸುವಾಗ ಇನ್ನೊಂದು ಅಪಾಯವಿದೆ. ಗ್ಯಾಲರಿ ದಿವಾಳಿಯಾದರೆ ಗೋಡೆಯ ಮೇಲಿರುವ ಮಾರದ ಚಿತ್ರಗಳು ಯಾರವು? ಕೇಂದ್ರದವೇ ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. 2009ರ ಸ್ವತ್ತು ಭದ್ರತಾ ಕಾಯ್ದೆ ಹಾಗೆ ಹೇಳುವುದಿಲ್ಲ. ರಾಷ್ಟ್ರೀಯ ರಿಜಿಸ್ಟರಿನಲ್ಲಿ ಕೇಂದ್ರ ತನ್ನ ಹಕ್ಕನ್ನು ಮುಂಚಿತವಾಗಿ ನೋಂದಾಯಿಸದಿದ್ದರೆ ಆ ಚಿತ್ರಗಳು ಗ್ಯಾಲರಿಗೆ ಸಾಲ ಕೊಟ್ಟವರ ಪಾಲಾಗಬಹುದು. ನೋಂದಣಿ ಆನ್‌ಲೈನಿನಲ್ಲಿ ಆಗುವ ಅಗ್ಗದ ಕೆಲಸ, ಆದರೂ ಹೊಸ ವ್ಯವಸ್ಥಾಪಕರು ಬಂದಾಗ ಮೊದಲು ತಪ್ಪಿಹೋಗುವುದೂ ಅದೇ.

ಚಿತ್ರ ಒಮ್ಮೆ ಮಾರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕ್ಲಿಫರ್ಡ್ ಪೊಸ್ಸಮ್ ಜಪಲ್ಜಾರಿ ಅವರ 1977ರ ‘ವಾರ್ಲುಗುಲಾಂಗ್’ ಸಾಕು. ಬ್ಯಾಂಕೊಂದು 1,200 ಡಾಲರಿಗೆ ಕೊಂಡು ಸಿಬ್ಬಂದಿಯ ಕ್ಯಾಂಟೀನಿನಲ್ಲಿ ತೂಗುಹಾಕಿತ್ತು. 1996ರಲ್ಲಿ 36,000ಕ್ಕೆ ಹೋಯಿತು, 2007ರಲ್ಲಿ 24 ಲಕ್ಷಕ್ಕೆ. ಕಲಾವಿದರು 2002ರಲ್ಲೇ ತೀರಿಕೊಂಡಿದ್ದರು. ಕುಟುಂಬಕ್ಕೆ ಕಾನೂನಿನ ಪ್ರಕಾರ ಬರಬೇಕಾದದ್ದು ಏನೂ ಇರಲಿಲ್ಲ. 2010ರ ಜೂನ್ 9ರಿಂದ ಮರುಮಾರಾಟದ ರಾಯಧನ ಜಾರಿಯಲ್ಲಿದೆ: ವ್ಯಾಪಾರಿ ಅಥವಾ ಹರಾಜಿನ ಮೂಲಕ 1,000 ಡಾಲರ್ ಅಥವಾ ಹೆಚ್ಚಿಗೆ ಮರುಮಾರಾಟವಾದರೆ ಶೇ 5 ಕಲಾವಿದರಿಗೆ, ಅವರ ನಂತರ 70 ವರ್ಷದವರೆಗೆ ವಾರಸುದಾರರಿಗೆ. ಆದರೆ ಆ ದಿನಕ್ಕೆ ಮೊದಲೇ ಕೊಂಡಿಟ್ಟಿದ್ದ ಚಿತ್ರದ ಮುಂದಿನ ಮೊದಲ ಮಾರಾಟಕ್ಕೆ ಇದು ಅನ್ವಯಿಸದು. ಅದಾದ ಮೇಲಿನ ಮಾರಾಟಗಳಿಗೆ ಮಾತ್ರ. ವಾರಸುದಾರರು ಯಾರು ಎಂಬುದಕ್ಕೆ ಉಯಿಲು ಬೇಕು, ಹೆಸರಿನ ಕಾಗುಣಿತ ದಾಖಲೆಯಿಂದ ದಾಖಲೆಗೆ ಬದಲಾಗಿರಬಾರದು. ಉಯಿಲು ಬರೆಸುವ ಶಿಬಿರಗಳಿಗೆ ಜನರನ್ನು ಸೇರಿಸುವುದೂ ಈಗ ಕಲಾ ಕೇಂದ್ರದ ಕೆಲಸ.

ಹಣಕ್ಕಿಂತ ಹಳೆಯ ಪ್ರಶ್ನೆ ಅನುಮತಿಯದು. ಯಾವ ಕಥೆಯನ್ನು ಯಾರು ಬರೆಯಬಹುದು ಎಂಬುದು ಹುಟ್ಟು, ನೆಲ, ಬಂಧುತ್ವದಿಂದ ನಿರ್ಧಾರವಾಗುತ್ತದೆ. ವಾರ್ಲ್‌ಪಿರಿ ಜನರಲ್ಲಿ ಒಂದು ಕಥೆಗೆ ತಂದೆಯ ಕಡೆಯಿಂದ ಹಕ್ಕು ಪಡೆದ ಒಡೆಯರೂ, ತಾಯಿಯ ಕಡೆಯಿಂದ ಬಂದ ಮೇಲ್ವಿಚಾರಕರೂ ಇರುತ್ತಾರೆ. ಒಡೆಯರು ಬರೆದದ್ದು ಸರಿಯಿದೆಯೇ ಎಂದು ನೋಡುವುದು ಮೇಲ್ವಿಚಾರಕರ ಹೊಣೆ. ಪಪುನ್ಯಾದ ಮೊದಮೊದಲ ಹಲಗೆಗಳಲ್ಲಿ ಹೊರಗಿನವರು ನೋಡಬಾರದ ಗುರುತುಗಳಿದ್ದವೆಂದು ನೆರೆಯ ಸಮುದಾಯಗಳು ಆಕ್ಷೇಪಿಸಿದ ಮೇಲೆ ಕಲಾವಿದರು ಅಂಥವನ್ನು ಕೈಬಿಟ್ಟರು, ಇಲ್ಲವೇ ಚುಕ್ಕಿಗಳಡಿ ಮರೆಮಾಡಿದರು. ಈ ವ್ಯವಸ್ಥೆ ಗೊತ್ತಿಲ್ಲದವರು ಮಾಡಿದ ಅವಾಂತರಗಳು ಒಂದೆರಡಲ್ಲ. 1966ರಲ್ಲಿ ಬಂದ ಒಂದು ಡಾಲರ್ ನೋಟಿನ ಮೇಲೆ ಡೇವಿಡ್ ಮಲಂಗಿ ಅವರ ತೊಗಟೆ ಚಿತ್ರವನ್ನು ಅವರಿಗೆ ತಿಳಿಸದೆಯೇ ಅಚ್ಚು ಹಾಕಲಾಗಿತ್ತು. ವಿಷಯ ಬಯಲಾದ ಮೇಲೆ ಅವರಿಗೆ 1,000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಲಕರಣೆ ಕೊಟ್ಟರು. 1994ರಲ್ಲಿ ಫೆಡರಲ್ ಕೋರ್ಟಿನ ಮುಂದೆ ಬಂದದ್ದು ವಿಯೆಟ್ನಾಮಿನಲ್ಲಿ ನೇಯಿಸಿದ ಜಮಖಾನೆಗಳು. ಎಂಟು ಕಲಾವಿದರ ಚಿತ್ರಗಳನ್ನು ಅನುಮತಿಯಿಲ್ಲದೆ ಅದರ ಮೇಲೆ ಇಳಿಸಿದ್ದರು. ಜನ ತುಳಿದು ಓಡಾಡುವ ವಸ್ತುವಿನ ಮೇಲೆ ಪವಿತ್ರ ಕಥೆ! ಕೋರ್ಟು ಸುಮಾರು 1,88,000 ಡಾಲರ್ ಪರಿಹಾರ ವಿಧಿಸುವಾಗ ಸಮುದಾಯದೊಳಗೆ ಕಲಾವಿದರಿಗಾದ ಸಾಂಸ್ಕೃತಿಕ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯಿತು. ಹಕ್ಕಿಲ್ಲದವರ ಕೈಗೆ ಚಿತ್ರ ಹೋದರೆ ಬರೆದವರೇ ಹಿರಿಯರಿಗೆ ಉತ್ತರ ಹೇಳಬೇಕಾಗುತ್ತದೆ, ಕೆಲವೊಮ್ಮೆ ದಂಡವನ್ನೂ ತೆರಬೇಕಾಗುತ್ತದೆ.

ಇಷ್ಟೆಲ್ಲ ಸಂಗತಿಗಳಿರುವ ಜಾಗವನ್ನು ‘ಅಂಗಡಿ’ ಎಂದು ಕರೆಯಲು ಮನಸ್ಸಾಗುವುದಿಲ್ಲ. ಕಿಂಬರ್ಲಿಯ ಫಿಟ್ಜ್‌ರಾಯ್ ಕ್ರಾಸಿಂಗ್‌ನ ಮಂಗ್ಕಾಜಾ ಕೇಂದ್ರದ ಕಲಾವಿದರು 1997ರಲ್ಲಿ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಕ್ಯಾನ್ವಾಸ್ ಬರೆದು, ನೆಲದ ಹಕ್ಕಿನ ದಾವೆಯಲ್ಲಿ ಅದನ್ನೇ ಸಾಕ್ಷ್ಯವಾಗಿ ಹಾಸಿದರು. ಒಬ್ಬೊಬ್ಬರೂ ಚಿತ್ರದಲ್ಲಿ ತಮ್ಮ ನೀರಿನ ಸೆಲೆಯಿದ್ದ ಜಾಗದ ಮೇಲೆ ನಿಂತು ತಮ್ಮ ಭಾಷೆಯಲ್ಲಿ ಮಾತಾಡಿದರು. ಹತ್ತು ವರ್ಷದ ನಂತರ, 2007ರಲ್ಲಿ, ಹಕ್ಕು ಸಿಕ್ಕಿತು. ಮೂತ್ರಪಿಂಡದ ಕಾಯಿಲೆಯವರು ಡಯಾಲಿಸಿಸ್‌ಗಾಗಿ ಊರು ಬಿಟ್ಟು ಸುಮಾರು 530 ಕಿ.ಮೀ. ದೂರದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಬೀಡುಬಿಡಬೇಕಾಗಿದ್ದ ಕಿಂಟೋರ್‌ನಲ್ಲಿ ಇನ್ನೊಂದು ಬಗೆ. ಪಪುನ್ಯಾ ಟುಲಾ ಜೊತೆಗೂಡಿ ಕಿಂಟೋರ್, ಕಿವಿರ್‌ಕುರಾದ ಗಂಡಸರೂ ಹೆಂಗಸರೂ ದೊಡ್ಡ ಚಿತ್ರಗಳನ್ನು ಕೂಡಿ ಬರೆದರು. 2000ದ ನವೆಂಬರಿನಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಆರ್ಟ್ ಗ್ಯಾಲರಿಯಲ್ಲಿ ನಡೆದ ಹರಾಜಿನಿಂದ 10 ಲಕ್ಷ ಡಾಲರಿಗೂ ಹೆಚ್ಚು ಬಂತು, ಅದರಿಂದ ಕಿಂಟೋರ್‌ನಲ್ಲೇ ಡಯಾಲಿಸಿಸ್ ಯಂತ್ರ ಬಂತು. ಇಂದು ಪರ್ಪಲ್ ಹೌಸ್ ಎಂಬ ಹೆಸರಿನಲ್ಲಿ ನಡೆಯುವ ದೂರದೂರದ ಡಯಾಲಿಸಿಸ್ ಸೇವೆಯ ಬೇರು ಅದೇ.

ಕಷ್ಟಗಳೂ ಇವೆ, ಮುಚ್ಚಿಡುವುದು ಬೇಡ. ಕೇಂದ್ರದ ಖರ್ಚು ಬರೀ ಮಾರಾಟದಿಂದ ಹುಟ್ಟುವುದು ಅಪರೂಪ, ಆಸ್ಟ್ರೇಲಿಯಾ ಸರ್ಕಾರದ ಅನುದಾನ ಬೇಕೇಬೇಕು. ಸಿಬ್ಬಂದಿಗೆ ವಸತಿ ಸಿಗುವುದಿಲ್ಲ, ಸಿಕ್ಕವರು ದಣಿದು ಬೇಗ ಬಿಟ್ಟುಹೋಗುತ್ತಾರೆ, ಅವರೊಂದಿಗೆ ಬಾಯಿಮಾತಿನ ಒಪ್ಪಂದಗಳೂ ಹೋಗುತ್ತವೆ. ಅರ್ನ್‌ಹೆಮ್ ಲ್ಯಾಂಡ್‌ನಲ್ಲಿ ಮಳೆಗಾಲದ ತಿಂಗಳುಗಟ್ಟಲೆ ರಸ್ತೆ ಮುಚ್ಚಿರುತ್ತದೆ. 2011ರ ಮಾರ್ಚಿನ ಪ್ರವಾಹದಲ್ಲಿ ಕಿಂಬರ್ಲಿಯ ವಾರ್ಮುನ್ ಕೇಂದ್ರದ ಹಳೆಯ ಸಂಗ್ರಹವೇ ನೀರಿನಲ್ಲಿ ಮುಳುಗಿತು. ಒಬ್ಬಿಬ್ಬರು ಹೆಸರಾಂತ ಹಿರಿಯರ ಮಾರಾಟದ ಮೇಲೆ ಇಡೀ ಕೇಂದ್ರ ನಿಂತಿರುವ ಕಡೆ, ಆ ಹಿರಿಯರು ತೀರಿಕೊಂಡರೆ ಲೆಕ್ಕವೇ ಕುಸಿಯುತ್ತದೆ.

ಹೋಗುವ ಕನ್ನಡಿಗರಿಗೆ ಇಷ್ಟು ಹೇಳಬೇಕು. ಬಹಳಷ್ಟು ಕೇಂದ್ರಗಳು ಮೂಲನಿವಾಸಿಗಳ ಒಡೆತನದ ನೆಲದಲ್ಲಿವೆ. ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಆ ನೆಲದ ಆಡಳಿತ ನೋಡುವ ಲ್ಯಾಂಡ್ ಕೌನ್ಸಿಲ್ ಎಂಬ ಮೂಲನಿವಾಸಿ ಮಂಡಳಿಯ ಪರವಾನಗಿ ಮೊದಲೇ ಪಡೆಯಬೇಕು, ಕೇಂದ್ರಕ್ಕೂ ಮುಂಚೆಯೇ ತಿಳಿಸಬೇಕು. ಊರಿನಲ್ಲಿ ಸಾವಾಗಿದ್ದರೆ ಕೇಂದ್ರ ಮುಚ್ಚಿರುತ್ತದೆ, ಅದಕ್ಕೆ ಗೊಣಗಬಾರದು. ಅಷ್ಟು ದೂರ ಆಗದವರಿಗೆ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಪಪುನ್ಯಾ ಟುಲಾದ ಸ್ವಂತ ಗ್ಯಾಲರಿ ಇದೆ, ಅಲ್ಲೇ ಪ್ರತಿವರ್ಷ ನಡೆಯುವ ಡೆಸರ್ಟ್ ಮಾಬ್ ಪ್ರದರ್ಶನ, ಡಾರ್ವಿನ್‌ನ ಮೂಲನಿವಾಸಿ ಕಲಾ ಮೇಳ ಇವೆ. ಎಲ್ಲೇ ಕೊಂಡರೂ ಮಾರುವವರನ್ನು ಕೇಳಿ: ಬರೆದವರು ಯಾರು, ಯಾವ ಸಮುದಾಯದವರು, ಯಾವ ಕೇಂದ್ರದಿಂದ ಬಂತು, ಅವರಿಗೆ ಹಣ ಸಂದಾಯವಾದದ್ದು ಹೇಗೆ. ತಡವರಿಸಿದರೆ ಹೊರಟುಬಿಡಿ. ದುಡ್ಡು ಕಡಿಮೆಯಿದ್ದರೆ ನಕಲಿ ಬೂಮರಾಂಗಿನ ಬದಲು ಕೇಂದ್ರಗಳೇ ಮಾರುವ ಸಣ್ಣ ಚಿತ್ರ, ಪರವಾನಗಿ ಪಡೆದು ಅಚ್ಚು ಹಾಕಿದ ಬಟ್ಟೆ, ಚೀಲ ಕೊಳ್ಳಬಹುದು; ಅಲ್ಲಿ ಕಲಾವಿದರ ಹೆಸರು ಲೇಬಲಿನ ಮೇಲೇ ಇರುತ್ತದೆ. ಅಂಗಡಿಗಳ ಬಿದಿರಿನ ಡಿಜೆರಿಡೂ ಬಹುಪಾಲು ಹೊರದೇಶದ್ದು. ಅಸಲಿಯದ್ದು ಗೆದ್ದಲು ತಿಂದು ಟೊಳ್ಳಾದ ಮರ. ಒಂದೇ ಮಾರಾಟಗಾರರಲ್ಲಿ 300 ಡಾಲರ್ ಅಥವಾ ಹೆಚ್ಚಿಗೆ ಕೊಂಡು, 60 ದಿನದೊಳಗೆ ದೇಶ ಬಿಡುವವರು ತೆರಿಗೆ ಬಿಲ್ ತೋರಿಸಿ ವಿಮಾನ ನಿಲ್ದಾಣದಲ್ಲಿ ಜಿಎಸ್‌ಟಿ ವಾಪಸು ಪಡೆಯಬಹುದು.

ಕ್ಯಾನ್ವಾಸನ್ನು ಸುತ್ತುವಾಗ ಬಣ್ಣದ ಮೈ ಹೊರಗಿರಲಿ. ಒಳಗಿಟ್ಟು ಸುತ್ತಿದರೆ ಬಣ್ಣ ಒತ್ತಿ ಬಿರುಕು ಬಿಡುತ್ತದೆ. ದಪ್ಪ ಕೊಳವೆಯ ಮೇಲೆ ಸಡಿಲವಾಗಿ ಸುತ್ತಿ, ನಡುವೆ ಆಮ್ಲರಹಿತ ತೆಳು ಕಾಗದ ಹಾಕಿ. ಗುಳ್ಳೆ ಪ್ಲಾಸ್ಟಿಕ್ ಬಣ್ಣಕ್ಕೆ ನೇರ ತಾಗಬಾರದು. ಶಾಖಕ್ಕೆ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಯ ಗುರುತು ಹಾಗೇ ಅಚ್ಚಾಗುತ್ತದೆ. ತೊಗಟೆಯ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೂ ಬಟ್ಟೆಗೆ ಬರುತ್ತದೆ. ಚೌಕಟ್ಟಿಗೆ ಸರಿಹೊಂದಿಸಲು ಚಿತ್ರದ ಅಂಚು ಕತ್ತರಿಸುವವರೂ ಇದ್ದಾರೆ, ದಯವಿಟ್ಟು ಬೇಡ.

ಕಡೆಗೆ ತಮ್ಮಲ್ಲೂ ಇತರ ಪತ್ರಿಕೆಗಳಲ್ಲೂ ಒಂದು ವಿನಂತಿ. ಪುಟ ವಿನ್ಯಾಸಕ್ಕೆಂದು ಅಂತರಜಾಲದಿಂದ ಚುಕ್ಕಿ ಚಿತ್ರಗಳನ್ನು ಎತ್ತಿ ಹಾಕುವುದನ್ನು ನಿಲ್ಲಿಸಿ. ಚಿತ್ರ ಯಾರ ಗೋಡೆಯ ಮೇಲಿದ್ದರೂ ಹಕ್ಕುಸ್ವಾಮ್ಯ ಕಲಾವಿದರದ್ದೇ. ಬಳಸಲೇಬೇಕಿದ್ದರೆ ಕೇಂದ್ರದ ಮೂಲಕ ಅನುಮತಿ ಪಡೆದು ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಕೇಂದ್ರ ನಾಲ್ಕನ್ನೂ ಅಚ್ಚು ಹಾಕಿ. ‘ಅಲ್ಲಿನ ಒಬ್ಬ ಆದಿವಾಸಿ ಕಲಾವಿದ’ ಎಂಬ ಅಡಿಬರಹ ಸಾಲದು. ಎಷ್ಟೋ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು ಹೇಳುವುದು, ಮುಖ ತೋರಿಸುವುದು ಕೆಲಕಾಲ ನಿಷಿದ್ಧ. ಆ ಅವಧಿಯಲ್ಲಿ ಕೇಂದ್ರಗಳೇ ಫೋಟೊಗಳನ್ನು ಮುಚ್ಚಿಡುತ್ತವೆ. ಕುಟುಂಬ ಒಪ್ಪಿದ ಮೇಲೆ ಹೆಸರು ಮತ್ತೆ ಬಳಕೆಗೆ ಬರುತ್ತದೆ. ಮೇಲೆ ನಾವು ಬರೆದ ಎರಡು ಹೆಸರುಗಳು ಗ್ಯಾಲರಿ, ಬ್ಯಾಂಕುಗಳ ದಾಖಲೆಗಳಲ್ಲಿ ಇಂದು ಮುಕ್ತವಾಗಿ ಬಳಕೆಯಲ್ಲಿರುವಂಥವು. ಈಚೆಗೆ ತೀರಿಕೊಂಡ ಕಲಾವಿದರ ಬಗ್ಗೆ ಬರೆಯುವಾಗ ಹೆಸರು, ಫೋಟೊ ಹಾಕಬಹುದೇ ಎಂದು ಕೇಂದ್ರಕ್ಕೆ ಒಂದು ಇ-ಮೇಲ್ ಕಳಿಸಿ, ಉತ್ತರ ಬರುವವರೆಗೆ ಪುಟ ತಡೆಹಿಡಿಯಿರಿ.

ಇಂತಿ,
ಆಸ್ಟ್ರೇಲಿಯಾದ ಮೂಲನಿವಾಸಿ ಕಲಾ ಕೇಂದ್ರಗಳ ಕೆಲಸ ಬಲ್ಲ ಕೆಲವು ಓದುಗರು